ಹೊಲಿಗೆ ಅಜ್ಜಿಯ ಮಾತ್ರೆ

ಮೈಮರೆತ ಮಾರನೆಯ ದಿನ ಬಸುರು ತಡೆಯುವ ಮಾತ್ರೆ ಕೇಳಲು ನಮ್ಮ ಬೀದಿಯ ಹುಡುಗಿಯರಿಗೆ ನಾಲಿಗೆ ಏಳುವುದಿಲ್ಲ. ಅವರ ಪರವಾಗಿ ಔಷಧಿ ಅಂಗಡಿಗೆ ನುಗ್ಗುವವಳು ಎಪ್ಪತ್ತು ದಾಟಿದ, ಗಂಡ ಸತ್ತು ಎಷ್ಟೋ ವರ್ಷವಾದ ಹೊಲಿಗೆ ಅಜ್ಜಿ. ಅಂಗಡಿಯವನು "ಯಾರಿಗಜ್ಜಿ?" ಎಂದು ಹಲ್ಲು ಕಿರಿದರೆ, "ನಂಗೇ ಕಣೋ. ಬೇಗ ಕೊಡು, ತಡ ಮಾಡಿದ್ರೆ ಬಾಣಂತನ ನಿನ್ನ ತಲೆಗೇ" ಎನ್ನುತ್ತಾಳೆ, ಸಾಲಿನಲ್ಲಿ ನಿಂತ ಗಂಡಸರು ನೆಲ ನೋಡುತ್ತಾರೆ. ಹೊರಗೆ ಕಾಯುತ್ತ ನಿಂತ ಹುಡುಗಿಗೆ "ಈಗ್ಲೇ ನುಂಗು. ಮುಟ್ಟು ತಡ ಆದ್ರೆ ಅಳ್ತಾ ಕೂರ್ಬೇಡ, ಪರೀಕ್ಷೆ ಮಾಡ್ಸು" ಎನ್ನುತ್ತಾಳೆ. ಬೀದಿಯವರು ಅಜ್ಜಿಗೆ ಕಟ್ಟದ ಮಿಂಡನಿಲ್ಲ. "ಮಾನ ಹೋದ್ರೆ ನಂದೇ ಹೋಗ್ಲಿ ಬಿಡು, ಹಳೇ ಸರಕು" ಎಂದು ನಗುತ್ತಾಳೆ. ಸುದ್ದಿ ಕೇಳಿದ ಮಗ "ಥೂ, ಈ ವಯಸ್ಸಲ್ಲಿ!" ಎಂದು ಉಗಿದು, ಅವಳ ಹೊಸ್ತಿಲು ತುಳಿಯುವುದನ್ನೇ ಬಿಟ್ಟಿದ್ದಾನೆ. ಮೊನ್ನೆ ತಂದ ಮಾತ್ರೆ ಅವನ ಮಗಳಿಗೇ ಎಂದು ಅಜ್ಜಿ ಇವತ್ತಿಗೂ ಬಾಯಿಬಿಟ್ಟಿಲ್ಲ.