ಟ್ಯಾಂಕಿನ ಕೆಳಗೆ ಎರಡು ಹೆಬ್ಬೆರಳು

ಬೀದಿಯವರೆಲ್ಲ ಅವನನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಶಾಲೆಯ ಮೇಷ್ಟ್ರಲ್ಲ, ಮೋಟಾರ್‌ಸೈಕಲ್ ರಿಪೇರಿಯವನು. ಗಾಡಿ ತಂದವರಿಗೆಲ್ಲ ಕೆಲಸಕ್ಕಿಂತ ಮೊದಲು ಪಾಠವಾಗುತ್ತಿತ್ತು. "ಚೈನು ಎಣ್ಣೆ ಮುಖ ನೋಡಿ ಎಷ್ಟು ಕಾಲ ಆಯ್ತು? ನೀನಾದ್ರೆ ದಿನಾ ಊಟ ಮಾಡ್ತೀಯ ತಾನೆ?" ಬಾಯಿ ಜೋರು, ಕೈ ಚೊಕ್ಕಟ. ಅಂಥವನಿಗೆ ಒಂದು ಮಧ್ಯಾಹ್ನ ಕೆಲಸದ ನಡುವೆಯೇ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಅಷ್ಟೆಲ್ಲ ಮಾತಿನಲ್ಲಿ ಅದ್ಯಾಕೋ ಒಂದೇ ಒಂದು ಪದ ಉಳಿದುಕೊಂಡಿತು: "ಬೇಡ".

ನೀರು ಕೊಟ್ಟರೆ ಬೇಡ ಎನ್ನುತ್ತಲೇ ಗಟಗಟ ಕುಡಿಯುತ್ತಿದ್ದ. ತಂಗಿ ನೋಡಲು ಬಂದಾಗ ಅವಳ ಕೈ ಹಿಡಿದುಕೊಂಡು "ಬೇಡ, ಬೇಡ" ಎಂದು ಅತ್ತ. ಅವಳು ಮುಖ ಊದಿಸಿಕೊಂಡು ಎದ್ದಳು. ಹೆಂಡತಿ ಬಾಗಿಲ ತನಕ ಹಿಂದೆಯೇ ಓಡಿ, "ಹಾಗಲ್ಲ ಕಣೇ, ಕೂತ್ಕೋ ಅಂತ ಹೇಳ್ತಿರಬೇಕು" ಎಂದು ತಡೆದಳು. ಯಾವ ಬೇಡಕ್ಕೆ ಏನರ್ಥ ಎನ್ನುವುದು ಅವಳಿಗೂ ಊಹೆಯೇ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಅವನು ಬಿದ್ದ ದಿನ ಅರ್ಧ ಬಿಚ್ಚಿಟ್ಟಿದ್ದ ಗಾಡಿ ಅಲ್ಲೇ ನಿಂತಿತ್ತು, ಸೀಟು ಗೋಡೆಗೆ ಒರಗಿಕೊಂಡು, ಹೊಸ ಆಕ್ಸಿಲರೇಟರ್ ಕೇಬಲ್ ಮೊಳೆಗೆ ನೇತುಬಿದ್ದು. ಅದು ಮನೆಮನೆಗೆ ಬ್ರೆಡ್ ಹಾಕುವವನ ಗಾಡಿ. ಪಾಪ, ಅವನು ಅವಸರ ಮಾಡಿದವನಲ್ಲ. ಬಂದಾಗಲೆಲ್ಲ ಮೇಷ್ಟ್ರ ಭುಜ ಸವರಿ ಹೋಗುತ್ತಿದ್ದ. ಕೊನೆಗೊಮ್ಮೆ ಮಾತ್ರ ತಲೆ ಕೆರೆದುಕೊಳ್ಳುತ್ತ, "ಅಕ್ಕಾ, ಸೈಕಲ್ ತುಳಿದೂ ತುಳಿದೂ ಮೊಣಕಾಲು ಕೈ ಕೊಟ್ಟಿದೆ. ಬೇರೆ ಕಡೆ ತಳ್ಕೊಂಡು ಹೋಗ್ಲಾ?" ಎಂದ.

"ನಾಳೆ ಬನ್ನಿ" ಎಂದುಬಿಟ್ಟಳು ಅವಳು.

ಅವಳಿಗೆ ಏನೂ ಗೊತ್ತಿಲ್ಲವೆಂದಲ್ಲ. ವರ್ಷಗಟ್ಟಲೆ ಅವನ ಪಕ್ಕ ಕೂತು ಬೋಲ್ಟು ತೊಳೆದವಳು, ಕೇಳಿದ ಸ್ಪ್ಯಾನರ್ ಕೇಳಿದ ಕೂಡಲೇ ಕೊಟ್ಟವಳು. ಕೇಬಲ್ ಹಾದುಹೋಗುವುದು ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ. ಟ್ಯಾಂಕ್ ಎತ್ತಿಟ್ಟರೆ ಹಳೆಯದನ್ನು ಎಳೆದು ಹೊಸದನ್ನು ತೂರಿಸುವುದೇನು ಮಹಾ? ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ಗಂಡನನ್ನು ಗಾಲಿಕುರ್ಚಿಯಲ್ಲಿ ಅಂಗಡಿಗೆ ತಳ್ಳಿಕೊಂಡು ಬಂದು, ಹಾಲು ಕಾಯುವಷ್ಟರಲ್ಲಿ ಟ್ಯಾಂಕ್ ಇಳಿಸಿಬಿಡೋಣ ಎಂದು ಸೆರಗು ಸಿಕ್ಕಿಸಿಕೊಂಡಳು.

ಪೆಟ್ರೋಲ್ ನಲ್ಲಿಯನ್ನು ತಿರುಗಿಸಿ ಮುಚ್ಚಿದಳು. ಪೈಪಿನ ಕ್ಲಿಪ್ಪನ್ನು ಇಕ್ಕಳದಿಂದ ಒತ್ತಿ ಸರಿಸಿದಳು. ಪೈಪು ಕಳಚುವಾಗ ಬಿದ್ದ ನಾಲ್ಕು ಹನಿಯನ್ನು ಲೋಟಕ್ಕೆ ಹಿಡಿದು, "ನೋಡಿ, ನೆಲಕ್ಕೆ ಒಂದು ತೊಟ್ಟೂ ಇಲ್ಲ" ಎಂದು ಗಂಡನಿಗೆ ತೋರಿಸಿದಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ನಗು ಸುಳಿದಿತ್ತು. ಹಿಂದಿನ ಬೋಲ್ಟ್ ಬಿಚ್ಚಿ ಟ್ಯಾಂಕಿಗೆ ಕೈ ಹಾಕಿದಳು.

"ಬೇಡ" ಎಂದ ಅವನು.

"ಆಯ್ತು, ಆಯ್ತು."

"ಬೇಡ! ಬೇಡ! ಬೇಡ!" ಎಡಗೈಯಿಂದ ತೊಡೆ ಬಡಿದುಕೊಂಡ.

"ಹೆದರ್ಬೇಡ್ರೀ, ಬೀಳಿಸಲ್ಲ" ಎನ್ನುತ್ತಾ ಅವಳು ಹಿಂಬದಿಯನ್ನು ಎತ್ತಿ ಎಳೆದಳು.

ಆ ಟ್ಯಾಂಕು ಗಾಡಿಯ ನಡುವಿನ ಕಬ್ಬಿಣದ ಚೌಕಟ್ಟಿನ, ಅಂದರೆ ಚಾಸಿಯ, ಎರಡೂ ಪಕ್ಕಕ್ಕೆ ಇಳಿಬಿದ್ದಿತ್ತು. ಎರಡು ಪಕ್ಕಗಳನ್ನು ಅಡಿಯಲ್ಲಿ ಒಂದು ತುಂಡು ರಬ್ಬರ್ ಪೈಪು ಸೇರಿಸಿತ್ತು. ಅವನು ಯಾವಾಗಲೂ ಮೊದಲು ಪೆಟ್ರೋಲನ್ನೆಲ್ಲ ಡಬ್ಬಕ್ಕೆ ಬಸಿದುಕೊಂಡೇ ಅದಕ್ಕೆ ಕೈ ಹಾಕುತ್ತಿದ್ದ. ಅವಳು ಬಸಿದಿರಲಿಲ್ಲ. ಎಳೆದ ರಭಸಕ್ಕೆ ಪೈಪು ಒಂದು ಪಕ್ಕ ಕಿತ್ತುಬಂತು. ಟ್ಯಾಂಕಿನ ತೂತಿನಿಂದಲೂ ಪೈಪಿನ ಬಾಯಿಂದಲೂ ಪೆಟ್ರೋಲ್ ಸುರಿಯತೊಡಗಿತು.

ಟ್ಯಾಂಕನ್ನು ಚಾಸಿಯ ಮೇಲೆಯೇ ಬಿಟ್ಟು, ಕುಕ್ಕರಗಾಲಲ್ಲಿ ಕೂತು, ಅಡಿಯಿಂದ ಎರಡೂ ಕೈ ತೂರಿಸಿ ಒಂದೊಂದು ಹೆಬ್ಬೆರಳಿನಿಂದ ಒಂದೊಂದು ಬಾಯನ್ನು ಒತ್ತಿ ಹಿಡಿದಳು. ಸುರಿಯುವುದು ನಿಂತಿತು. ಅಷ್ಟರಲ್ಲಾಗಲೇ ನೆಲವೆಲ್ಲ ಒದ್ದೆ, ಪೆಟ್ರೋಲ್ ತಾಗಿ ಮೊಣಕೈವರೆಗೂ ಚರ್ಮವೆಲ್ಲ ಉರಿ. ಆಗ ಒಲೆ ನೆನಪಾಯಿತು.

ಬೆರಳು ತೆಗೆದರೆ ಪೆಟ್ರೋಲು. ತೆಗೆಯದಿದ್ದರೆ ಒಳಗೆ ಬೆಂಕಿ. "ಯಾರಾದ್ರೂ ಬನ್ರೋ!" ಎಂದು ಕೂಗಿದಳು. ಎದುರಿನ ಕಟ್ಟಡದಲ್ಲಿ ಕಾಂಕ್ರೀಟು ಕಲಸುವ ಯಂತ್ರ ಗಡಗಡ ಎನ್ನುತ್ತಿತ್ತು. ಕೂಗು ಬೀದಿ ದಾಟಲಿಲ್ಲ.

ಮೇಷ್ಟ್ರು ಎಡಗೈಯಿಂದ ಕುರ್ಚಿಯ ಗಾಲಿ ತಳ್ಳಿದ. ಒಂದೇ ಗಾಲಿ ತಳ್ಳಿದರೆ ಕುರ್ಚಿ ಎಲ್ಲಿಗೆ ಹೋದೀತು? ಇದ್ದಲ್ಲೇ ಗಿರ್ರನೆ ತಿರುಗಿತು. ಮತ್ತೆ ತಳ್ಳಿದ, ಮತ್ತೆ ತಿರುಗಿತು. ಕೊನೆಗೆ ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದು, ಒಂದು ಮೊಣಕೈ ಊರಿ ಅಡುಗೆಮನೆಯ ಕಡೆಗೆ ತೆವಳತೊಡಗಿದ. ಹೊಸ್ತಿಲಿಗೆ ಗಲ್ಲ ತಾಗಿತು. ಅಲ್ಲಿಂದಾಚೆ ಮೈ ಏಳಲಿಲ್ಲ. ಅವಳು ಇಲ್ಲಿಂದ, ಅವನು ಅಲ್ಲಿಂದ, ಒಬ್ಬರನ್ನೊಬ್ಬರು ನೋಡಿದರು.

ಒಳಗೆ ಚುಂಯ್ ಎಂಬ ಸದ್ದಾಯಿತು. ಹಾಲು ಉಕ್ಕಿ ಬರ್ನರಿನ ಮೇಲೆ ಸುರಿದು ಉರಿಯನ್ನು ಆರಿಸಿತ್ತು. ಬದುಕಿದೆವು ಎಂದುಕೊಳ್ಳುವಷ್ಟರಲ್ಲಿ ಪೆಟ್ರೋಲಿನ ಜೊತೆ ಗ್ಯಾಸಿನ ವಾಸನೆಯೂ ಮೂಗಿಗೆ ಅಡರಿತು.

ಬ್ರೆಡ್ಡಿನವನು ಬಂದಾಗ ಅವಳಿಗೆ ಹೆಬ್ಬೆರಳುಗಳು ಇವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. "ಒಳಗೆ ಗ್ಯಾಸು! ಮೊದಲು ಅದು!" ಎಂದಳು. ಅವನು ಮೇಷ್ಟ್ರನ್ನು ದಾಟಿಕೊಂಡು ಓಡಿ ಸಿಲಿಂಡರ್ ಮುಚ್ಚಿದ, ಕಿಟಕಿ ತೆರೆದ. ಆಮೇಲೆ ಅವಳ ಕೈಗಳ ಕೆಳಗೆ ಬಕೆಟ್ ಹಿಡಿದು, ಬೆರಳು ತೆಗೆಸಿ ಟ್ಯಾಂಕನ್ನು ಬಸಿದ. ನೆಲಕ್ಕೆ ಮರಳು ಸುರಿದ. ಇಬ್ಬರೂ ಸೇರಿ ಮೇಷ್ಟ್ರನ್ನು ಎತ್ತಿ ಕುರ್ಚಿಗೆ ಕೂರಿಸಿದರು. ಗಲ್ಲ ತರಚಿತ್ತು.

"ಬೇಡ ಅಂತ ಬಡ್ಕೊಂಡ್ರು. ನಾನು ಕಿವಿಗೇ ಹಾಕ್ಕೊಳ್ಳಲಿಲ್ಲ" ಎಂದು ಅವಳು ಅತ್ತಳು.

"ಅವರು ಎಲ್ಲದಕ್ಕೂ ಅದನ್ನೇ ಹೇಳೋದಲ್ವಾ ಅಕ್ಕಾ" ಎಂದ ಅವನು. ಸಮಾಧಾನಕ್ಕೆ ಹೇಳಿದ ಮಾತು, ಆದರೆ ಮೇಷ್ಟ್ರು ಮುಖ ಗೋಡೆಯ ಕಡೆ ತಿರುಗಿಸಿದ.

ಗಾಡಿಯನ್ನು ಬ್ರೆಡ್ಡಿನವನು ಆಚೆ ಬೀದಿಯ ರಿಪೇರಿಯವನ ಹತ್ತಿರ ತಳ್ಳಿಕೊಂಡು ಹೋದ. ರಿಪೇರಿಗೆಂದು ಬಿಟ್ಟುಹೋಗಿದ್ದ ಬೇರೆ ಗಾಡಿಗಳ ಮಾಲೀಕರೂ ಒಬ್ಬೊಬ್ಬರಾಗಿ ಬಂದು ತಮ್ಮತಮ್ಮದನ್ನು ಒಯ್ದರು. ಅವಳ ಕೈಯ ಚರ್ಮ ಸುಲಿದು ಹೊಸದು ಬಂತು. ಅಂಗಡಿಯ ಷಟರ್ ಮುಚ್ಚಿದರೆ ಮೇಷ್ಟ್ರು ಊಟ ಮುಟ್ಟುವುದಿಲ್ಲ. ಅದಕ್ಕೇ ಬೆಳಿಗ್ಗೆ ಎತ್ತುತ್ತಾಳೆ, ಕತ್ತಲಾಗುವ ಮುಂಚೆ ಇಳಿಸುತ್ತಾಳೆ. ಖಾಲಿ ಕೋಣೆಯ ನಡುವೆ ಅವನು ಬೀದಿ ನೋಡುತ್ತಾ ಕೂತಿರುತ್ತಾನೆ. ಗೊತ್ತಿಲ್ಲದವರು ಯಾರಾದರೂ ಕೆಟ್ಟ ಗಾಡಿ ತಂದು ನಿಲ್ಲಿಸಿದರೆ ಅವಳೇ ಹೊರಗೆ ಬಂದು, "ಇಲ್ಲಿ ಈಗ ಕೆಲಸ ನಡೆಯಲ್ಲ, ಮುಂದಿನ ಬೀದಿಗೆ ಹೋಗಿ" ಎನ್ನುತ್ತಾಳೆ.