ಜೊಂಡಿನ ಕಂತೆ ಬಿಡುವ ಹೊತ್ತು

ನಾನು ಜಗಳೂರು ಕಡೆಯವಳು. ನಮ್ಮೂರಿನಲ್ಲಿ ನೀರು ಎಂದರೆ ಬಾವಿಯಿಂದ ಸೇದಿ ಕೊಡದಲ್ಲಿ ತುಂಬಿಡುವಂಥದ್ದು. ಅದು ಎದ್ದು ಬಂದು ಮನುಷ್ಯರನ್ನು ಹೊಡೆಯುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಮೂವತ್ತರ ದಶಕದ ಕೊನೆಯಲ್ಲಿ, ನನ್ನ ಹದಿನಾರನೇ ವಯಸ್ಸಿಗೆ, ಚನ್ನಗಿರಿ ಸೀಮೆಯ ಸೂಳೆಕೆರೆ ದಂಡೆಯ ಹಳ್ಳಿಯೊಂದಕ್ಕೆ ಸೊಸೆಯಾಗಿ ಬಂದೆ. ಮೂರನೇ ದಿನ ಅತ್ತೆ ಏರಿಯ ಮೇಲೆ ನಿಲ್ಲಿಸಿ ಕೆರೆ ತೋರಿಸಿದರು. "ಇಷ್ಟೂ ನೀರು ಯಾರ್ದು?" ಎಂದು ಕೇಳಿದೆನಂತೆ. ಅದನ್ನು ಹೇಳಿಕೊಂಡು ಓಣಿಯವರು ವರ್ಷಗಟ್ಟಲೆ ನಕ್ಕರು.

ಮನೆಯ ಕಸುಬು ಚಾಪೆ ಹೆಣೆಯುವುದು. ಕೆರೆಯ ಒಂದು ಮೂಲೆಯ ಕೆಸರಿನಲ್ಲಿ ಜೊಂಡು ಬೆಳೆಯುತ್ತಿತ್ತು. ಹೆಂಗಸರು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಅದನ್ನು ಕೊಯ್ದು, ಆಳುದ್ದದ ಕಂತೆ ಕಟ್ಟಿ, ಅದರ ಮೇಲೆ ಬೋರಲು ಮಲಗಿ, ಕೈಯಿಂದ ನೀರು ತಳ್ಳುತ್ತ ಏರಿಯ ಕಡೆಗೆ ಬರುತ್ತಿದ್ದರು. ಆಷಾಢದ ಗಾಳಿ ಬೆನ್ನಿಗಿದ್ದರೆ ಅರ್ಧ ಕೆಲಸ ಅಲೆಯೇ ಮಾಡುತ್ತಿತ್ತು. ಕಷ್ಟವೆಲ್ಲ ಕೊನೆಯ ಹತ್ತು ಮಾರಿನಲ್ಲಿ. ಏರಿಯ ಒಳಮೈಗೆ ದಪ್ಪ ದಪ್ಪ ಕಲ್ಲು ಜೋಡಿಸಿದ್ದರು. ಅಲೆ ನಮ್ಮನ್ನು ಹೊತ್ತು ತಂದು ಆ ಕಲ್ಲಿಗೇ ಬಡಿಯುತ್ತಿತ್ತು.

ಅತ್ತೆ ನನಗೆ ಮೊದಲು ಕಲಿಸಿದ್ದು ಕಂತೆ ಹತ್ತುವುದನ್ನಲ್ಲ, ಬಿಡುವುದನ್ನು.

"ಅಲೆ ಒಂದು ತುದೀಲಿ ಒಡೀತಾ ಬಂದ್ರೆ, ಒಡೀದೆ ಇರೋ ಕಡೆಗೆ ತಿರುಗು. ಅಲ್ಲಿ ದಾರಿ ಐತೆ. ಇಡೀ ಅಲೆ ಒಂದೇ ಸಲಕ್ಕೆ ಬೆಳ್ಳಗಾತು ಅಂದ್ರೆ ದಾರಿ ಮುಚ್ಚಿತು ಅಂತ ತಿಳ್ಕ. ಆವಾಗ ಕಂತೆ ಮುಂದಕ್ಕೆ ನೂಕು, ನೀನು ಹಿಂದಕ್ಕೆ ಮುಳುಗು. ಅಲೆ ಮುಂದೆ ಓಡಾಕೆ ಹೋಗಬ್ಯಾಡ. ಅದರ ಹೊಟ್ಟೆಯಾಗೆ ತೂರಿ ಆಚೆ ಏಳು. ಏಳೋವಾಗ ತಲೆ ಮ್ಯಾಲೆ ಕೈ ಇರ್ಲಿ, ಇನ್ನೊಬ್ಬರ ಕಂತೆ ಬಂದು ಬಡಿದೀತು."

ಮನೆಯಲ್ಲಿ ಮಂಡಿನೋವು ಎಂದು ಗೋಡೆ ಹಿಡಿದು ಹೊಸ್ತಿಲು ದಾಟುವ ಹೆಂಗಸು ಅವರು. ನೀರಿಗಿಳಿದರೆ ಆ ಮಂಡಿ ಎಲ್ಲಿ ಹೋಗುತ್ತಿತ್ತೋ! ಕತ್ತು ಸ್ವಲ್ಪ ಹೊರಳಿಸಿ ಅಲೆಯ ಉದ್ದಕ್ಕೂ ಒಂದು ಸಲ ನೋಡುತ್ತಿದ್ದರು, ಅಷ್ಟೇ. ದಾರಿಯಿದ್ದರೆ ಕಂತೆಯ ಸಮೇತ ಓರೆಯಾಗಿ ಜಾರಿ, ಕಲ್ಲಿಲ್ಲದ ಮಣ್ಣಿನ ಇಳಿಜಾರಿಗೆ ಬಂದು ನಿಲ್ಲುತ್ತಿದ್ದರು. ದಾರಿಯಿಲ್ಲದಿದ್ದರೆ ಅರ್ಧ ದಿನದ ದುಡಿಮೆಯನ್ನು ಸೀರೆಗೆ ಅಂಟಿದ ಕಡ್ಡಿ ಕೊಡವಿದಂತೆ ಬಿಟ್ಟು ಮುಳುಗುತ್ತಿದ್ದರು. ನಾನು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆ. ಈಜು ಕಲಿತೆ, ಮುಳುಗುವುದನ್ನೂ ಕಲಿತೆ. ಬಿಡುವುದು ಮಾತ್ರ ಬರಲಿಲ್ಲ. ಬಿಟ್ಟ ಕಂತೆ ಕಲ್ಲಿಗೆ ಬಡಿದು ಚೆಲ್ಲಾಪಿಲ್ಲಿಯಾದರೆ ನನ್ನ ಹೊಟ್ಟೆ ಉರಿಯುತ್ತಿತ್ತು.

ಎರಡನೇ ವರ್ಷ ಶ್ರಾವಣಕ್ಕೆ ನನ್ನ ತಂಗಿಯ ಮದುವೆ ಗೊತ್ತಾಯಿತು. ನಾನೇ ಕೊಯ್ದ ಜೊಂಡಿನಿಂದ ನಾನೇ ಹೆಣೆದ ಚಾಪೆ ಕಳಿಸುತ್ತೇನೆಂದು ತವರಿಗೆ ಹೇಳಿ ಕಳಿಸಿಬಿಟ್ಟೆ. ಒಂದೊಂದೇ ಉದ್ದನೆಯ ಎಳೆ ಆರಿಸಿ ಕಂತೆ ಕಟ್ಟಿದೆ. ಇದು ಮಾತ್ರ ಕಲ್ಲಿನ ಪಾಲಾಗಬಾರದು ಎಂದುಕೊಂಡು, ಯಾರೂ ನೋಡದಂತೆ ಕಂತೆ ಕಟ್ಟಿದ ಹಗ್ಗದ ತುದಿಯನ್ನು ಸೆರಗಿನ ಒಳಗೆ ಸೊಂಟಕ್ಕೆ ಬಿಗಿದುಕೊಂಡೆ. ಏನು ಜಾಣತನ ಮಾಡಿದೆನೆಂದು ಬೀಗಿದೆ ಕೂಡ.

ಏರಿಯ ಹತ್ತಿರ ಬಂದಾಗ ಅಲೆ ಈ ತುದಿಯಿಂದ ಆ ತುದಿಯವರೆಗೂ ಒಟ್ಟಿಗೆ ಬೆಳ್ಳಗಾಯಿತು. ಹಿಂದಿನಿಂದ ಅತ್ತೆಯ ಕೂಗು ಕೇಳಿತು: "ಬಿಡವ್ವಾ, ಬಿಡು!" ನಾನು ಕಂತೆ ನೂಕಿ ಮುಳುಗಿದೆ. ಕಂತೆ ಅಲೆಯ ಜೊತೆ ಮುಂದಕ್ಕೆ ಓಡಿತು, ಸೊಂಟ ಹಿಡಿದು ನನ್ನನ್ನೂ ಎಳೆದುಕೊಂಡು ಹೋಯಿತು. ನೆನೆದ ಗಂಟು ಬಿಚ್ಚಲು ಬರಲಿಲ್ಲ. ಮೂಗು ಬಾಯಿಗೆಲ್ಲ ನೀರು. ಕಾಲಿಗೆ ಕಲ್ಲು ತಾಗಿತು. ಸತ್ತೆ ಎಂದುಕೊಂಡೆ.

ಅಷ್ಟರಲ್ಲಿ ಯಾರೋ ಹಗ್ಗ ಜಗ್ಗಿ ಹಿಡಿದರು. ಸೊಂಟದ ಬಿಗಿತ ಸಡಿಲವಾಯಿತು. ಅತ್ತೆ ತಮ್ಮ ಕಂತೆ ಬಿಟ್ಟು ಬಂದು ಕುಡುಗೋಲಿನಿಂದ ಹಗ್ಗ ಕೊಯ್ದಿದ್ದರು. ರಟ್ಟೆ ಹಿಡಿದು ಮುಂದಿನ ಅಲೆಯ ಹೊಟ್ಟೆಯೊಳಗೆ ನನ್ನನ್ನು ತೂರಿಸಿದರು. ಆಚೆ ಏಳುವಾಗ ನನ್ನ ತಲೆಯ ಮೇಲೆ ಕೈಯೊಂದು ಇತ್ತು. ಅದು ಅವರದು. ಅವರ ತಲೆಯ ಮೇಲೆ ಏನೂ ಇರಲಿಲ್ಲ.

ದಡ ಹತ್ತಿದ ಮೇಲೆ ಕೆನ್ನೆಗೆ ಒಂದು ಬಿಟ್ಟರು. ಆಮೇಲೆ ತಮ್ಮ ಒದ್ದೆ ಸೆರಗಿನಲ್ಲೇ ನನ್ನ ತಲೆ ಒರೆಸಿದರು. ಆ ಹೆಂಗಸಿನ ಮೇಲೆ ನನಗೆ ಹುಟ್ಟಿದ ಪ್ರೀತಿ, ಹೆತ್ತ ತಾಯಿಯ ಮೇಲೂ ಅಷ್ಟು ಇತ್ತೋ ಇಲ್ಲವೋ.

ಆ ವಾರವೆಲ್ಲ ಗಾಳಿ ಇಳಿಯಲಿಲ್ಲ, ಮತ್ತೆ ಕೊಯ್ಯಲು ಆಗಲಿಲ್ಲ. ಕಲ್ಲಿನ ಸಂದಿಯಲ್ಲಿ ಸಿಕ್ಕಿದ್ದ ನಮ್ಮಿಬ್ಬರ ಕಂತೆಯ ಚೂರುಗಳನ್ನು ಅತ್ತೆ ಆಯ್ದು ತಂದು ಒಣಗಿಸಿದರು. ಇಬ್ಬರೂ ಕೂತು ಹೆಣೆದೆವು. ಎಳೆ ಮುರಿದಿದ್ದರಿಂದ ಚಾಪೆ ಒಂದು ಮೊಳ ಗಿಡ್ಡವಾಯಿತು. ನನ್ನನ್ನು ಮದುವೆಗೆ ಕರೆದೊಯ್ಯಲು ತವರಿನಿಂದ ಅಣ್ಣ ಗಾಡಿ ಕಟ್ಟಿಕೊಂಡು ಬಂದಾಗ ನನಗೆ ಅಳು ಬಂತು. "ಬೀಗರು ಏನಂತಾರೆ ಅತ್ತೇ? ಮದುಮಕ್ಕಳ ಕಾಲು ಹೊರಗೇ ಇರ್ತಾವೆ" ಎಂದೆ.

ಅತ್ತೆ ಚಾಪೆ ಸುತ್ತಿ ಗಾಡಿಯಲ್ಲಿಟ್ಟರು.

"ಯಾಕೆ ಕಡಿಮೆ ಬಂತು ಅಂತ ಯಾರಾರ ಕೇಳಿದ್ರೆ, ಅಕ್ಕ ಉಳ್ಕಂಡಾಳೆ ಅಂತ ಹೇಳು" ಎಂದರು.