ಅಲ್ದೋ ಆದ ಕತಾಲ್ದೊ

ಕತಾಲ್ದೊ ಸ್ತ್ರಿಪ್ಪೋಲಿಯನ್ನು ಅವನ ಮೂಗು ಸೋರುತ್ತಿದ್ದ ವಯಸ್ಸಿನಿಂದ ಬಲ್ಲೆ. ಗ್ರೆನೋಬ್ಲ್ ಪಕ್ಕದ ಫೊಂತೇನ್‌ನಲ್ಲಿ ನಮ್ಮದು ಒಂದೇ ಕಟ್ಟಡ. ಅವರು ಮೂರನೆಯ ಮಹಡಿ, ನಾವು ನಾಲ್ಕನೆಯದು. ಅವನಪ್ಪನೂ ನಮ್ಮಪ್ಪನೂ ದಕ್ಷಿಣ ಇಟಲಿಯ ಕೊರಾತೊ ಎಂಬ ಊರಿನಿಂದ ಗಾರೆ ಕೆಲಸಕ್ಕೆಂದು ಫ್ರಾನ್ಸಿಗೆ ಬಂದವರು. ಆ ಊರು ಕಾಯುವ ಸಂತನ ಹೆಸರನ್ನೇ ಅವನಿಗೆ ಇಟ್ಟಿದ್ದರು. ಶಾಲೆಯಲ್ಲಿ ಫ್ರೆಂಚ್ ಹುಡುಗರು ನಕ್ಕರೆಂದು ಹತ್ತನೆಯ ವಯಸ್ಸಿಗೆ ಅವನು ಅಲೇನ್ ಆದ. ತಾಯಿ ನುಂಜಿಯಾತಾ ಕಿಟಕಿಯಿಂದ ಹೆಸರು ಹಿಡಿದು ಕೂಗಿದರೆ, ಇನ್ಯಾರನ್ನೋ ಕರೆಯುತ್ತಿದ್ದಾಳೆ ಎಂಬಂತೆ ಬೀದಿಯಾಚೆ ಹೋಗಿ ನಿಲ್ಲುತ್ತಿದ್ದ.

ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಕಾಲ ಬದಲಾಯಿತು. ಇಲ್ಲಿನ ದೊಡ್ಡ ದೊಡ್ಡ ಪ್ರಯೋಗಾಲಯಗಳಿಗೆ ಉತ್ತರ ಇಟಲಿಯ ಮಿಲಾನೊ, ತೊರಿನೊ ಕಡೆಯ ವಿಜ್ಞಾನಿಗಳು ಬಂದರು. ಅವರ ಮಕ್ಕಳಿಗಾಗಿ ಅಂತಾರಾಷ್ಟ್ರೀಯ ಶಾಲೆಯಲ್ಲಿ ಇಟಾಲಿಯನ್ ವಿಭಾಗ ತೆರೆಯಿತು. ಒಂದಷ್ಟು ಪಾಠ ಫ್ರೆಂಚಿನಲ್ಲಿ, ಒಂದಷ್ಟು ಇಟಾಲಿಯನ್ನಿನಲ್ಲಿ. ಪುಸ್ತಕ, ಗ್ರಂಥಾಲಯ, ನಾನೂ ಸೇರಿ ಇಬ್ಬರು ಟೀಚರುಗಳ ನೇಮಕ, ಎಲ್ಲವೂ ಪಾಲಕರ ಸಂಘದ ಹೊಣೆ. ಇಟಾಲಿಯನ್ ಅನ್ನಿಸಿಕೊಳ್ಳುವುದು ಈಗ ಮರ್ಯಾದೆಯ ವಿಷಯ. ನಮ್ಮ ಮನೆಗಳಲ್ಲಿ ಆಡುತ್ತಿದ್ದದ್ದು ಕೊರಾತೊದ ಆಡುಮಾತು, ಪುಸ್ತಕದ ಇಟಾಲಿಯನ್ನೇ ಬೇರೆ. ಅಲೇನ್ ಸಂಜೆ ತರಗತಿಗೆ ಸೇರಿ ಅದನ್ನು ಕಲಿತ, ಅಲ್ದೋ ಎಂದು ಹೆಸರು ಬದಲಿಸಿಕೊಂಡ. ಮಗಳು ಜಿನೆವ್ರಾಳನ್ನು ವಿಭಾಗಕ್ಕೆ ಸೇರಿಸಿ ಎರಡೇ ವರ್ಷದಲ್ಲಿ ಸಂಘದ ಅಧ್ಯಕ್ಷನೂ ಆದ. ಒಂದು ಲೋಟ ಕಾಫಿ ಕೇಳಬೇಕಾದರೂ ಸರ್ಕಾರಕ್ಕೆ ಅರ್ಜಿ ಬರೆದಂತೆ ಮಾತಾಡುತ್ತಿದ್ದ. ನಿಮ್ಮದು ಯಾವ ಊರು ಎಂದರೆ "ಫಿರೆಂಜೆಯ ಸಮೀಪ" ಅನ್ನುತ್ತಿದ್ದ. ಫಿರೆಂಜೆ ಎಂದರೆ ಶುದ್ಧ ಇಟಾಲಿಯನ್ನಿನ ತವರು; ಕೊರಾತೊದಿಂದ ಅಲ್ಲಿಗೆ ರೈಲಿನಲ್ಲಿ ಒಂದು ಹಗಲು ಬೇಕು.

ಒಂದು ಸಭೆಯಲ್ಲಿ ನಾನು ಹೇಳಿದೆ: "ಗುರುವಾರದ ಕೊನೇ ತರಗತಿಗೆ ಅಜ್ಜ ಅಜ್ಜಿಯರು ಬರಲಿ. ಮಕ್ಕಳ ಹತ್ರ ಕೂತು ಮಾತಾಡಲಿ."

"ಯಾವ ಭಾಷೆಯಲ್ಲಿ, ಮಿಕೆಲಿನಾ ಅವರೇ?" ಎಂದ ಅಧ್ಯಕ್ಷ. "ನಮ್ಮ ಮಕ್ಕಳ ಕಿವಿಗೆ ಪರಿಶುದ್ಧವಾದ ಭಾಷೆಯೇ ಬೀಳತಕ್ಕದ್ದು. ಅಡುಗೆಮನೆಯ ಗೊಣಗಾಟವನ್ನು ಶಿಕ್ಷಣವೆಂದು ಕರೆಯಲಾಗದು."

ತೊರಿನೊದ ಭೌತವಿಜ್ಞಾನಿ, ಸಂಘದ ಕಾರ್ಯದರ್ಶಿ ಫೆದೆರಿಕಾ ಬೋಜಿಯೊಗೆ ನನ್ನ ಸಲಹೆ ಇಷ್ಟವಾದದ್ದರಿಂದ ಅದು ಉಳಿಯಿತು. ಹೊರಗೆ ಬಂದಾಗ ಅವನಿಗೆ ಹೇಳಿದೆ: "ನಿಮ್ಮಮ್ಮನ್ನ ಕರ್ಕೊಂಡು ಬಾರೋ ಕತಾಲ್ದೊ."

"ಅಲ್ದೋ," ಎಂದು ತಿದ್ದಿದ. "ಅಮ್ಮನಿಗೆ ಮೊಣಕಾಲು ನೋವು."

ಇನ್ನೂ ನಮ್ಮ ಹಳೇ ಕಟ್ಟಡದಲ್ಲೇ ಇದ್ದ ನುಂಜಿಯಾತಾ ಆ ಮೊಣಕಾಲಿನಲ್ಲೇ ದಿನಾ ಮೂರು ಮಹಡಿ ಇಳಿದು ಸಂತೆಗೆ ಹೋಗಿಬರುತ್ತಿದ್ದಳು.

ಮೂರನೆಯ ಗುರುವಾರ ಜಿನೆವ್ರಾಳೇ ಅಜ್ಜಿಯನ್ನು ಟ್ರಾಮಿನಲ್ಲಿ ಕರೆತಂದಳು. ಹನ್ನೆರಡು ವರ್ಷದ ಹುಡುಗಿ, ಅಪ್ಪನನ್ನು ಕೇಳಿರಲಿಲ್ಲ. ಅಜ್ಜಿ ಚರ್ಚಿಗೆ ಹೋಗುವ ಕಪ್ಪು ಕೋಟು ತೊಟ್ಟಿದ್ದಳು, ಕೈಯಲ್ಲಿ ಬಟ್ಟೆ ಮುಚ್ಚಿದ, ಪಾಸ್ತಾಕ್ಕೆಂದು ಕಲಸಿದ ಹಿಟ್ಟಿನ ಮುದ್ದೆ. ಅಲ್ದೋ ಅದೇ ಹೊತ್ತಿಗೆ ಫೆದೆರಿಕಾಳಿಗೆ ಗ್ರಂಥಾಲಯದ ಹೊಸ ಪುಸ್ತಕ ತೋರಿಸಿ, ಅವಳೊಂದಿಗೆ ತರಗತಿಯ ಬಾಗಿಲಿಗೆ ಬಂದ.

"ಇವರು ಯಾರು?" ಎಂದಳು ಫೆದೆರಿಕಾ, ನಗುತ್ತಾ.

ಅವನು ತಡವರಿಸಲೂ ಇಲ್ಲ. "ನನ್ನ ಮಗಳನ್ನು ನೋಡಿಕೊಳ್ಳುವ ಹೆಂಗಸು," ಎಂದ.

ನುಂಜಿಯಾತಾಗೆ ಅಷ್ಟು ಇಟಾಲಿಯನ್ ಅರ್ಥವಾಗುತ್ತದೆ. ಒಮ್ಮೆ ಮಗನ ಮುಖ ನೋಡಿದಳು. "ಹೌದ್ರೀ, ನೋಡ್ಕೋತೀನಿ," ಎಂದು ಕೊರಾತೊ ಮಾತಿನಲ್ಲೇ ಹೇಳಿ ಒಳಗೆ ಬಂದು ಕೂತಳು. ನಾನು ಬಾಯಿ ಬಿಡಲಿಲ್ಲ. ನನ್ನ ಕೆಲಸ ಸಂಘದ ಕೈಯಲ್ಲಿತ್ತು. ಅವನನ್ನು ಹೇಡಿ ಎನ್ನುವಾಗ ಇದನ್ನೂ ಹೇಳಿಬಿಡಬೇಕು.

ಅವಳು ಹಿಟ್ಟಿನ ಚೂರನ್ನು ಹೆಬ್ಬೆರಳಿನಿಂದ ಒತ್ತಿ, ಪುಟ್ಟ ಕಿವಿಯಂತೆ ಮಡಿಸುವುದನ್ನು ಮಕ್ಕಳಿಗೆ ತೋರಿಸಿದಳು. ಆಡಿದ್ದನ್ನು ಜಿನೆವ್ರಾ ಪಕ್ಕದಲ್ಲಿ ನಿಂತು ಶಾಲೆಯ ಇಟಾಲಿಯನ್ನಿಗೆ ತಿರುಗಿಸುತ್ತಿದ್ದಳು. ಒಬ್ಬ ಹುಡುಗಿ ಕೇಳಿದಳು, ನಿಮಗೆ ಎಷ್ಟು ಮಕ್ಕಳು?

"ಒಬ್ಬಾಂವ. ಭಾಳ ದೊಡ್ಡ ಮನಷ್ಯಾ ಆಗ್ಯಾನ. ಬರಾಕ ಪುರಸೊತ್ತಿಲ್ಲ ಅವಂಗ."

ಅಲ್ದೋ ಇನ್ನೂ ಬಾಗಿಲಲ್ಲೇ ಇದ್ದ. ಜಿನೆವ್ರಾ ಅಪ್ಪನನ್ನೇ ನೋಡುತ್ತಾ, ಒಂದು ಪದವೂ ಬಿಡದೆ ಆ ಮಾತನ್ನು ಅನುವಾದಿಸಿದಳು. ಅವನು ಗಡಿಯಾರ ನೋಡಿಕೊಂಡ.

ಮಕ್ಕಳು ಬಿಡಲಿಲ್ಲ, ನುಂಜಿಯಾತಾ ಪ್ರತಿ ಗುರುವಾರ ಬಂದಳು. "ನೋಡಿಕೊಳ್ಳುವ ಹೆಂಗಸು" ಆಗಿಯೇ ಬಂದಳು. ಜೂನ್ ತಿಂಗಳ ಮಹಾಸಭೆಯಲ್ಲಿ ಫೆದೆರಿಕಾ ಎದ್ದು ನಿಂತು, ಆ ತಾಯಿಗೆ ವಂದನೆ ಸಲ್ಲಿಸಬೇಕು, ನಿರ್ಣಯದಲ್ಲಿ ಬರೆಯಲು ಪೂರ್ತಿ ಹೆಸರು ಬೇಕು ಎಂದಳು.

"ನುಂಜಿಯಾತಾ," ಎಂದ ಅಲ್ದೋ.

"ಮನೆತನದ ಹೆಸರು?"

"ಕ್ಷಮಿಸಬೇಕು, ಸದ್ಯಕ್ಕೆ ಸ್ಮರಣೆಗೆ ಬರುತ್ತಿಲ್ಲ."

ಇಷ್ಟು ದಿನ ನುಂಗಿದ್ದು ಆಗ ಹೊರಗೆ ಬಂತು. "ಸ್ತ್ರಿಪ್ಪೋಲಿ," ಎಂದೆ. "ನುಂಜಿಯಾತಾ ಸ್ತ್ರಿಪ್ಪೋಲಿ. ಬರ್ಕೊಳ್ಳಿ. ಇವನ ಹೆತ್ತ ತಾಯಿ."

ಅರವತ್ತು ಜನ ಅಲ್ದೋನತ್ತ ತಿರುಗಿದರು. ಫೆದೆರಿಕಾಳ ಕೈಯಲ್ಲಿ ಪೆನ್ನು ಹಾಗೇ ನಿಂತಿತ್ತು. ಅಲ್ದೋ ನೀರು ಕುಡಿದು ಗಂಟಲು ಸರಿಮಾಡಿಕೊಂಡು, "ನಮ್ಮ ಬೇರುಗಳ ಬಗ್ಗೆ ನನಗೆ ಸದಾ ಅಭಿಮಾನವಿದೆ," ಎಂದು ಶುರುಮಾಡಿ ಹತ್ತು ನಿಮಿಷ ಮಾತಾಡಿದ. ಆಮೇಲೆ ಚುನಾವಣೆ. ಅಧ್ಯಕ್ಷಗಿರಿ ಎಂದರೆ ಪತ್ರ ಬರೆಯಬೇಕು, ಕುರ್ಚಿ ಜೋಡಿಸಬೇಕು, ಅಧಿಕಾರಿಗಳ ಮುಂದೆ ಕಾಯಬೇಕು. ಆ ವಿಜ್ಞಾನಿಗಳಲ್ಲಿ ಯಾರಿಗೂ ಅದು ಬೇಕಿರಲಿಲ್ಲ. ಹುಬ್ಬೇರಿಸಿದವರೇ ಕೈಯೆತ್ತಿ ಅವನನ್ನೇ ಮತ್ತೆ ಆರಿಸಿದರು. ಅವನಿಗಿಂತ ಅವರು ವಾಸಿ ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ.

ನುಂಜಿಯಾತಾ ಎರಡು ತಿಂಗಳು ನನಗೆ ಬಾಗಿಲು ತೆರೆಯಲಿಲ್ಲ. ತೆರೆದ ದಿನ ಹೊಸ್ತಿಲಲ್ಲೇ ನಿಲ್ಲಿಸಿ ಬೈದಳು: "ನಾಕು ಮಂದಿ ಮುಂದ ನನ್ನ ಮಗನ ಮಾನ ಕಳದಿ. ನಿನಗ ಯಾರ ಹೇಳಿದ್ರು ಬಾಯಿ ಹಾಕಂತ?"

"ಅವನು ನಿನ್ನ ಮಾನ ಕಳೆದದ್ದು?"

"ಅದು ನನ್ನದು. ನಿಂಗ್ಯಾಕ ಬೇಕು?"

ಜಿನೆವ್ರಾ ಆ ಸೆಪ್ಟೆಂಬರಿನಲ್ಲಿ ಇಟಾಲಿಯನ್ ವಿಭಾಗ ಬಿಟ್ಟು ಜರ್ಮನ್ ತಗೊಂಡಳು. ವಿಜ್ಞಾನದ ಹೊರೆ ಹೆಚ್ಚಾಯಿತು ಎಂದು ಅಧ್ಯಕ್ಷ ಎಲ್ಲರಿಗೂ ವಿವರಿಸಿದ. ಮನೆಯಲ್ಲಿ ಅವಳು ಅಪ್ಪನೊಂದಿಗೆ ಆಡುವುದು ಫ್ರೆಂಚ್ ಮಾತ್ರ. ಭಾನುವಾರ ಮೂರನೆಯ ಮಹಡಿಯಲ್ಲಿ ಅಜ್ಜಿ ಮೊಮ್ಮಗಳು ಕೊರಾತೊ ಮಾತಿನಲ್ಲಿ ಜಗಳವಾಡುವುದು ನಮ್ಮ ಮನೆಗೆ ಚೆನ್ನಾಗಿ ಕೇಳಿಸುತ್ತದೆ. ಮಗಳನ್ನು ಕರೆದೊಯ್ಯಲು ಬಂದ ಅವನು ಮೇಲೆ ಹತ್ತದೆ ಕೆಳಗೆ ಕಾರಿನಲ್ಲೇ ಕೂತಿರುತ್ತಾನೆ, ಹೊತ್ತಾಯಿತು ಎಂದು ಹಾರ್ನ್ ಒತ್ತುತ್ತಾನೆ.